ಸೋಮವಾರ ಎಣಿಸಿದ ಬಂಡಿಗಳು

ಮಾನ್ವಿಯಿಂದ ಬರುವ ರಸ್ತೆಯೂ ದೇವದುರ್ಗದಿಂದ ಬರುವ ರಸ್ತೆಯೂ ರಾಯಚೂರಿನ ಹೊರಗೆ ಕೂಡುತ್ತಿದ್ದ ಜಾಗಕ್ಕೆ ಹೆಸರಿರಲಿಲ್ಲ. ಬಸ್ಸಿನ ಕಂಡಕ್ಟರ್ 'ಕ್ರಾಸ್, ಕ್ರಾಸ್' ಎಂದು ಕೂಗಿ ಇಳಿಸಿ ಹೋಗುತ್ತಿದ್ದ. ಆ ಕ್ರಾಸಿನ ಮೂಲೆಯಲ್ಲಿ ಒಂದು ಬೇವಿನ ಮರ, ಮರದ ಕೆಳಗೆ ತಗಡು ಹೊದಿಸಿದ ಚಹಾದ ಹೋಟ್ಲು. ಹೋಟ್ಲು ನಮ್ಮ ಅತ್ತೆಯದು. ನಾನು ಮಲ್ಲಟದಿಂದ ಮದುವೆಯಾಗಿ ಬಂದು ಮೈಮೇಲಿನ ಅರಿಶಿನ ಹೋಗುವ ಮೊದಲೇ ಅವರು ನನ್ನ ಕೈಗೆ ಚಹಾ ಸೋಸುವ ಅರಿವೆ ಕೊಟ್ಟಿದ್ದರು. ನನ್ನ ಸೊಸೆ ಏಳನೆಯ ತರಗತಿ ಓದಿದ್ದಾಳೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಹಾಲು ಉಕ್ಕಿಸಿದರೆ ಅದೇ ಏಳನೆಯ ತರಗತಿಯನ್ನು ಹಿಡಿದು ಜಾಡಿಸುತ್ತಿದ್ದರು. ಇದು ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲದ ಮಾತು.

ಆ ಹೋಟ್ಲನ್ನು ಅತ್ತೆ ಒಬ್ಬರೇ ಕಟ್ಟಿದ್ದು. ಗಂಡ ಸತ್ತಾಗ ಮಗನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲವಂತೆ. ಕೆರೆಯ ಮಣ್ಣು ಹೊತ್ತು ತಂದು, ತಾವೇ ತುಳಿದು, ಮೂರು ಬಾಯಿಯ ಒಲೆ ಹಾಕಿದ್ದರು. ಒಂದರ ಮೇಲೆ ಚಹಾ, ಒಂದರ ಮೇಲೆ ಮಿರ್ಚಿಯ ಎಣ್ಣೆ, ಇನ್ನೊಂದರಲ್ಲಿ ನಮ್ಮ ಮನೆಯ ಅಡಿಗೆ. ಒಲೆಯ ಹಿಂದೆ ತಡಿಕೆ, ತಡಿಕೆಯ ಹಿಂದೆ ನಾವು ಮಲಗುವ ಜಾಗ, ಅದರ ಹಿಂದೆ ಎತ್ತು ಕಟ್ಟುವ ಕೊಟ್ಟಿಗೆ. ಎಲ್ಲ ರಸ್ತೆಯ ಜಾಗವೇ. ಯಾರಾದರೂ ಆ ಮಾತು ಎತ್ತಿದರೆ ಅತ್ತೆಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು. ಜಾಗ ಸರಕಾರದ್ದಿರಬಹುದು, ಒಲೆ ನನ್ನದು ಎಂದು ಅವರ ಬಾಯಿ ಮುಚ್ಚಿಸುತ್ತಿದ್ದರು.

ನಮ್ಮ ಮನೆಯವರು ಬಂಡಿ ಹೊಡೆಯುತ್ತಿದ್ದರು. ಹತ್ತಿಯ ಸುಗ್ಗಿಯಲ್ಲಿ ಮಾನ್ವಿ ಕಡೆಯ ಹಳ್ಳಿಗಳಿಂದ ಹತ್ತಿ ತುಂಬಿದ ದೊಡ್ಡ ಚೀಲ, ಅಂಡಿಗೆ, ಹೇರಿಕೊಂಡು ಬರುವುದು, ಉಳಿದ ದಿನ ಜೋಳ, ಶೇಂಗಾ, ಕಲ್ಲು, ಏನು ಸಿಕ್ಕರೆ ಅದು. ಮಾತು ಕಡಿಮೆಯ ಮನುಷ್ಯ. ನನ್ನ ಜೊತೆಗಿಂತ ಎತ್ತುಗಳ ಜೊತೆಗೇ ಹೆಚ್ಚು ಮಾತಾಡುತ್ತಿದ್ದರು. ನನ್ನನ್ನು ಯಾಕೆ ಕಟ್ಟಿಕೊಂಡಿರಿ, ಇನ್ನೊಂದು ಎತ್ತು ಕೊಳ್ಳಬೇಕಿತ್ತು ಎಂದು ನಾನು ಕಾಡಿಸಿದರೆ, ಎತ್ತು ಇಷ್ಟು ಬಾಯಿ ಮಾಡುವುದಿಲ್ಲ ಎಂದು ನಗುತ್ತಿದ್ದರು. ವಾರದಲ್ಲಿ ಸೋಮವಾರ ಮಾತ್ರ ಮನೆಯಲ್ಲಿ ಇರುತ್ತಿದ್ದರು. ಬಸವಣ್ಣನ ವಾರ, ಎತ್ತಿನ ಹೆಗಲ ಮೇಲೆ ನೊಗ ಇಡುವಂತಿಲ್ಲ. ಅಂದು ಎತ್ತುಗಳನ್ನು ಹಳ್ಳಕ್ಕೆ ಹೊಡೆದುಕೊಂಡು ಹೋಗಿ ಮೈ ತೊಳೆದು, ಕೊಂಬಿಗೆ ಎಣ್ಣೆ ಸವರಿ, ಮಧ್ಯಾಹ್ನ ಬೇವಿನ ನೆರಳಲ್ಲಿ ಕೂತು ಬೀಡಿ ಸೇದುತ್ತಿದ್ದರು. ಸೋಮವಾರ ಬಂದರೆ ನನಗೆ ಸಂತೋಷವಾಗುತ್ತಿತ್ತು.

ಆ ಹೊತ್ತಿಗೆ ಶಕ್ತಿನಗರದಲ್ಲಿ ಕರೆಂಟಿನ ಕಾರಖಾನೆ ಕಟ್ಟುವ ಕೆಲಸ ಶುರುವಾಗಿತ್ತು. ಉಸುಕು, ಕಂಕರಿ ತುಂಬಿದ ಲಾರಿಗಳು ನಮ್ಮ ಕ್ರಾಸಿನ ಮೇಲೆಯೇ ಹಾಯುತ್ತಿದ್ದವು. ಲಾರಿ ಹೆಚ್ಚಾದವೆಂದು ಡಾಂಬರಿನ ಮೇಲೆ ಡಾಂಬರು ಹಾಕಿದರು. ರಸ್ತೆ ಎತ್ತರವಾಯಿತು, ಅದರ ಅಂಚು ಹಾಗೇ ತಗ್ಗಿನಲ್ಲಿ ಉಳಿಯಿತು. ಹೇರಿದ ಬಂಡಿ ಅಂಚಿನಿಂದ ಕೆಳಗಿಳಿದರೆ ಅಚ್ಚು ಮುರಿಯುತ್ತಿತ್ತು, ಇಲ್ಲವೆ ಬಂಡಿಯೇ ಮಗುಚುತ್ತಿತ್ತು. ಅದಕ್ಕೇ ಬಂಡಿಯವರು ಡಾಂಬರು ಬಿಟ್ಟು ಇಳಿಯುತ್ತಿರಲಿಲ್ಲ. ಹಿಂದಿನಿಂದ ಲಾರಿಯವನು ಹಾರನ್ನು ಹೊಡೆದು ಹೊಡೆದು, ಕೊನೆಗೆ ಅವರ ಅವ್ವ ಅಕ್ಕಂದಿರನ್ನೆಲ್ಲ ನೆನೆದು ಮುಂದೆ ಹೋಗುತ್ತಿದ್ದ. ನಮ್ಮ ಮನೆಯವರು ದಿನಾ ಬಂದು ಅದನ್ನೇ ಹೇಳುತ್ತಿದ್ದರು. ಕ್ರಾಸಿನಲ್ಲಿ ಬಂಡಿಗೊಂದು ಬೇರೆ ದಾರಿ ಆಗಬೇಕು, ಆಗದಿದ್ದರೆ ಒಂದು ದಿನ ಯಾರದಾದರೂ ಮನೆ ಹಾಳಾಗುತ್ತದೆ. ಯಾರದಾದರೂ ಎಂದೇ ಅನ್ನುತ್ತಿದ್ದರು.

ಅಂಥದರಲ್ಲಿ ರಾಯಚೂರಿನ ಗಂಜ್ ಮಾರುಕಟ್ಟೆಯ ಸಾವ್ಕಾರನೊಬ್ಬ ಕ್ರಾಸಿನ ಆಚೆ ಬದಿಯ ಹೊಲ ಕೊಂಡ. ಅರ್ಧದಲ್ಲಿ ಹತ್ತಿಯ ಜಿನ್ನಿಂಗ್ ಮಿಲ್ಲು ಹಾಕಿದ. ಇನ್ನರ್ಧವನ್ನು ಪ್ಲಾಟು ಮಾಡಿ ಮಾರಬೇಕೆಂದು ಗಡಿಕಲ್ಲು ನೆಟ್ಟ. ಶಕ್ತಿನಗರದಲ್ಲಿ ನೌಕರಿ ಸಿಕ್ಕವರು ರಾಯಚೂರಿನಲ್ಲಿ ಮನೆ ಜಾಗ ಹುಡುಕುತ್ತಿದ್ದ ಕಾಲ ಅದು. ಮಿಲ್ಲು ಶುರುವಾದ ಮೊದಲ ಸುಗ್ಗಿಯಲ್ಲೇ ಕ್ರಾಸು ಸಂತೆಯಂತಾಯಿತು. ಮಾನ್ವಿ ಕಡೆಯಿಂದ ಬಂದ ಬಂಡಿ ದೇವದುರ್ಗದ ರಸ್ತೆಯನ್ನು ಅಡ್ಡ ಹಾಯ್ದು ಮಿಲ್ಲಿನ ಗೇಟು ಸೇರಬೇಕು. ಬಂಡಿ ತಿರುಗುವಷ್ಟರಲ್ಲಿ ಅತ್ತ ಲಾರಿ, ಇತ್ತ ಬಸ್ಸು.

ಪ್ಲಾಟಿಗೆ ಪರವಾನಗಿ ಕೊಡುವ ಮೊದಲು ರಸ್ತೆ ಕಚೇರಿಯ ಇಂಜಿನಿಯರ್ ಸಾಹೇಬರು ಜಾಗ ನೋಡಲು ಬಂದರು. ಬೆಂಗಳೂರಿನ ಪೇಟೆಯಲ್ಲಿ ಹುಟ್ಟಿ ಬೆಳೆದವರು, ಮೆತ್ತಗೆ ಮಾತಾಡುವವರು. ನಮ್ಮ ಬೆಂಚಿನ ಮೇಲೆ ಕೂತೇ ಸಾವ್ಕಾರನಿಗೆ ಹೊಸದೊಂದು ಲೆಕ್ಕ ಹೇಳಿದರು. ಮಿಲ್ಲು, ಪ್ಲಾಟು ನಿಮ್ಮವು. ಅವುಗಳ ದೆಸೆಯಿಂದ ಈ ಕ್ರಾಸಿಗೆ ಎಷ್ಟು ಲಾರಿ, ಎಷ್ಟು ಬಂಡಿ ಬರುತ್ತವೋ ಅದಕ್ಕೆ ತಕ್ಕಂತೆ ನೀವು ಹಣ ಕಟ್ಟಬೇಕು. ಆ ಹಣದಲ್ಲಿ ಕ್ರಾಸು ಅಗಲ ಮಾಡಿಸುತ್ತೇವೆ. ಎಣಿಸಿ ನೋಡಿದಾಗ ಬಂಡಿಗಳು ಸಾಕಷ್ಟಿದ್ದರೆ ಬಂಡಿಗೆ ಬೇರೆ ದಾರಿಯನ್ನೂ ಮಾಡಿಸುತ್ತೇವೆ ಅಂದರು. ಸಾವ್ಕಾರ ಎಗರಾಡಿದ. ರಸ್ತೆ ಸರಕಾರದ್ದು, ಬಂಡಿ ರೈತರವು, ನಡುವೆ ನಾನ್ಯಾಕೆ ಕೊಡಲಿ ಎಂದು ಕೇಳಿದ. ಸಾಹೇಬರು ಚಹಾ ಕುಡಿದು ಬಟ್ಟಲು ಕೆಳಗಿಟ್ಟು, "ಮದುವೆ ನಿಮ್ಮ ಮನೆಯದು, ಬೀಗರು ನಿಮ್ಮವರು. ಚಪ್ಪರ ಮಾತ್ರ ಊರವರು ಹಾಕಿಸಬೇಕೇ?" ಅಂದರು.

ಆ ಮಾತು ಕ್ರಾಸಿನಲ್ಲಿ ಬಹಳ ದಿನ ಓಡಾಡಿತು. ಸಾವ್ಕಾರನ ಬಾಯಿ ಮುಚ್ಚಿಸಿದವರನ್ನು ನಾವು ಅದಕ್ಕೆ ಮೊದಲು ನೋಡಿರಲಿಲ್ಲ. ಬಾವಿಯ ಹೂಳು ತೆಗೆಯಲು ಮನೆಮನೆಗೆ ಪಟ್ಟಿ ಎತ್ತುತ್ತಾರಲ್ಲ, ಹಾಗೆ ಜನ ಈ ಹಣಕ್ಕೆ ಬಂಡಿ ಪಟ್ಟಿ ಎಂದು ಹೆಸರಿಟ್ಟರು. ಬಂಡಿ ಪಟ್ಟಿ ಬರುತ್ತದೆ, ಬಂಡಿ ದಾರಿ ಆಗುತ್ತದೆ ಎಂದು ನಮ್ಮ ಮನೆಯವರು ಹುಡುಗನ ಹಾಗೆ ಕುಣಿದಾಡಿದರು.

ಆದರೆ ಹೋಗುವ ಮೊದಲು ಸಾಹೇಬರ ಓವರ್ಸಿಯರ್ ಟೇಪು ಹಿಡಿದು ಅಳೆದಿದ್ದ. ಅವನು ರಾಯಚೂರಿನವನೇ. ಬಂಡಿ ದಾರಿ ಆದರೆ ಅದು ಬೇವಿನ ಮರದ ಈಚೆ, ನಮ್ಮ ಹೋಟ್ಲಿನ ನಡುವೆಯೇ ಹಾಯಬೇಕಿತ್ತು. ಟೇಪಿನ ತುದಿಯನ್ನು ಅವನು ನಮ್ಮ ಒಲೆಯ ಕಟ್ಟೆಯ ಮೇಲೆ ಇಟ್ಟ. ಅತ್ತೆ ಅದನ್ನು ಕಾಲಿನಿಂದ ಸರಿಸಿದರು.

ಅಂದು ಊಟಕ್ಕೆ ಕೂತಾಗ ತಾಯಿ ಮಗನಿಗೆ ಮಾತಿಗೆ ಮಾತು ಬೆಳೆಯಿತು.

"ಯವ್ವಾ, ಹೋಟ್ಲ ಎಲ್ಲಿ ಬೇಕಾದಲ್ಲಿ ಹಾಕಬೌದು. ದಾರಿ ಎಲ್ಲಿ ಬೇಕಾದಲ್ಲಿ ಹಾಕಾಕ ಬರಂಗಿಲ್ಲ," ಅಂದರು ಇವರು.

"ನಿನ್ನ ಬಂಡಿ ದಾರಿ ನನ್ನ ಒಲಿ ಮ್ಯಾಲೆ ಹೋಗ್ತದ," ಅಂದರು ಅತ್ತೆ. "ಆ ಒಲಿಯಿಂದ ನಿನ್ನ ದೊಡ್ಡಾವನ್ನ ಮಾಡೀನಿ. ಅದರ ಮ್ಯಾಲೆ ಬಂಡಿ ಹೊಡೀತೀ ಏನು?"

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಾಯಿತು ನಮ್ಮ ಮನೆ. ನಾನು ಇಬ್ಬರ ನಡುವೆ ರೊಟ್ಟಿ ಬಡಿಯುತ್ತ ಕೂತಿದ್ದೆ. ಇವರು ಹೇಳುವಾಗ ಇವರದು ಖರೆ, ಅವರು ಹೇಳುವಾಗ ಅವರದು ಖರೆ. ಹೊಸ ಸೊಸೆಯನ್ನು ಯಾರೂ ಏನೂ ಕೇಳುವುದಿಲ್ಲ, ಅದೇ ಒಂದು ಪುಣ್ಯ.

ಬಂಡಿ ಎಷ್ಟು, ಲಾರಿ ಎಷ್ಟು ಎಂದು ಎಣಿಸಲು ಕಚೇರಿಯವರು ದಿನ ಗೊತ್ತು ಮಾಡಿದರು. ಸಂತೆಯ ದಿನ ಬೇಡ, ಹಬ್ಬ ಬೇಡ, ರಜೆ ಬೇಡ, ಒಂದು ಸಾಧಾರಣ ದಿನ ನೋಡಿ ಎಣಿಸಿರಿ ಎಂದು ಸಾಹೇಬರು ಹೇಳಿದ್ದರಂತೆ. ಭಾನುವಾರ ರಜೆ. ಅದರ ಮಾರನೆಯ ದಿನ, ಕಚೇರಿಯ ವಾರ ಶುರುವಾಗುವ ದಿನ, ಸೋಮವಾರ. ಓವರ್ಸಿಯರ್ ಅದನ್ನೇ ಇಟ್ಟ.

ಎಣಿಸಲು ಬಂದವರು ರಸ್ತೆ ಗ್ಯಾಂಗಿನ ಮುದುಕ ಮೇಸ್ತ್ರಿ. ಮನೆಯಲ್ಲಿ ದಖ್ಖನಿ ಆಡುವವರು, ನಮ್ಮೊಂದಿಗೆ ನಮ್ಮ ಹಾಗೇ ಕನ್ನಡ ಆಡುವವರು. ನಾವೆಲ್ಲ ಚಾಚಾ ಅನ್ನುತ್ತಿದ್ದೆವು. ಅವರಿಗೆ ಓದು ಬರಹ ಇರಲಿಲ್ಲ, ಎಣಿಕೆಗೆ ತಮ್ಮದೇ ಪದ್ಧತಿ ಇಟ್ಟುಕೊಂಡಿದ್ದರು. ಮೂರು ಡಬ್ಬಿಗಳನ್ನು ಸಾಲಾಗಿ ಇಡುವುದು, ಬದಿಗೆ ಕಂಕರಿಯ ಗುಡ್ಡೆ. ಲಾರಿ ಹಾಯ್ದರೆ ಒಂದು ಡಬ್ಬಿಗೆ ಕಲ್ಲು, ಬಸ್ಸು ಮೋಟಾರು ಹಾಯ್ದರೆ ಇನ್ನೊಂದಕ್ಕೆ, ಬಂಡಿ ಹಾಯ್ದರೆ ಮತ್ತೊಂದಕ್ಕೆ. ಸಂಜೆ ಓವರ್ಸಿಯರ್ ಬಂದು ಕಲ್ಲು ಸುರುವಿ ಎಣಿಸಿ ಬರೆದುಕೊಳ್ಳುತ್ತಿದ್ದ. ಡಬ್ಬಿಗಳು ನಮ್ಮವೇ, ಚಹಾಪುಡಿಯವು. ಅತ್ತೆ ಒಲ್ಲದ ಮನಸ್ಸಿನಿಂದ ಕೊಟ್ಟರು. ನನ್ನ ಡಬ್ಬಿಯಲ್ಲಿ ನನ್ನ ಹೋಟ್ಲಿಗೇ ಕಲ್ಲು ಎಂದು ಗೊಣಗಿದರು.

ಬೆಳಿಗ್ಗೆಯಿಂದಲೇ ದಾರಿ ತಣ್ಣಗಿತ್ತು. ಲಾರಿಯ ಡಬ್ಬಿಗೆ ಕಲ್ಲು ಬೀಳುತ್ತಲೇ ಇದ್ದವು, ಬಸ್ಸಿನದಕ್ಕೂ ಬಿದ್ದವು. ಬಂಡಿಯ ಡಬ್ಬಿ ಮಾತ್ರ ಎಷ್ಟೋ ಹೊತ್ತಿಗೊಮ್ಮೆ ಠಣ್ ಅನ್ನುತ್ತಿತ್ತು. ವಾರ ಹಿಡಿಯದ ಯಾರೋ ಒಬ್ಬಿಬ್ಬರ ಬಂಡಿ, ನೀರಿನ ಬಂಡಿ, ಅಷ್ಟೇ. ನಮ್ಮ ಮನೆಯವರು ಹಳ್ಳದಿಂದ ಬಂದು ಎತ್ತು ಕಟ್ಟಿ, ಒದ್ದೆ ಪಂಚೆಯಲ್ಲೇ ಚಾಚಾನ ಪಕ್ಕ ಕೂತರು. ಬೀಡಿ ಕೊಟ್ಟರು, ಬೀಡಿ ಇಸಿದುಕೊಂಡರು. ಇವತ್ತು ದಾರಿ ಎಷ್ಟು ಆರಾಮ ಇದೆ ಎಂದು ತಾವೇ ಅಂದರು. ಚಾಚಾ ಹೌದಪ್ಪಾ, ಎಣಿಸುವವರಿಗೂ ಆರಾಮ ಅಂದರು. ಬಂಡಿ ದಾರಿ ಬೇಕೆಂದು ಹಗಲಿರುಳು ಹಂಬಲಿಸುತ್ತಿದ್ದ ಮನುಷ್ಯ, ತನ್ನ ಬಂಡಿಯ ನೊಗವನ್ನು ಗೋಡೆಗೆ ಆನಿಸಿ ಇಟ್ಟು ಬಂದು, ಖಾಲಿ ಡಬ್ಬಿಯ ಪಕ್ಕದಲ್ಲಿ ಕೂತು ಮಂಡಾಳು ತಿಂದರು.

ಸಂಜೆಯ ಹೊತ್ತಿಗೆ ಅತ್ತೆ ಬಂಡಿಯ ಡಬ್ಬಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರು. ಒಳಗೆ ಕಲ್ಲು ಗಿಲಿಗಿಲಿ ಅಂದವು. ಅವರ ಮುಖ ಅರಳಿತು.

"ಚಾಚಾಗ ನಾಕು ಮಿರ್ಚಿ ಕಟ್ಟಿ ಕೊಡವಾ, ಮಕ್ಕಳಿಗೆ ಒಯ್ಯಲಿ," ಅಂದರು ನನಗೆ.

ಕೆಲವು ವಾರದ ಮೇಲೆ ಓವರ್ಸಿಯರ್ ಬಂದು ಸುದ್ದಿ ಹೇಳಿದ. ಈ ಕ್ರಾಸಿನಲ್ಲಿ ಬಂಡಿಗಳು ಇಲ್ಲವೆಂಬಷ್ಟು ಕಡಿಮೆ, ಕಾಲ ಲಾರಿಯದು ಎಂದು ಮೇಲಿನವರಿಗೆ ಬರೆದಾಯಿತಂತೆ. ಸಾವ್ಕಾರನಿಗೆ ಬಿದ್ದ ಪಟ್ಟಿ ಅಲ್ಪಸ್ವಲ್ಪ. ಅದರಲ್ಲಿ ಮೂಲೆಗೆ ಒಂದಿಷ್ಟು ಕಂಕರಿ ಬೀಳುತ್ತದೆ, ಒಂದು ಬೋರ್ಡು ನಿಲ್ಲುತ್ತದೆ. ಬಂಡಿ ದಾರಿ ಇಲ್ಲ. ಅತ್ತೆ ಹೋಟ್ಲಿಗೆ ಬಂದವರಿಗೆಲ್ಲ ಬೆಲ್ಲ ಹಂಚಿದರು. ಒಲೆಗೆ ಹೊಸದಾಗಿ ಸಾರಿಸಿ, ಅರಿಶಿನ ಕುಂಕುಮ ಇಟ್ಟರು. ನಮ್ಮ ಮನೆಯವರು ಬೆಲ್ಲವನ್ನು ಕೈಯಲ್ಲೇ ಹಿಡಿದುಕೊಂಡು ಕೂತರು. ನಿನ್ನೆ ದಾರಿಯಲ್ಲಿ ಯಾರ್‍ಯಾರ ಬಂಡಿ ಸಿಕ್ಕಿದ್ದವು ಎಂದು ಬೆರಳು ಮಡಿಸುತ್ತ ಹೋದರು, ಎರಡೂ ಕೈಯ ಬೆರಳು ಮುಗಿದವು. ಇಷ್ಟು ಬಂಡಿ ಇದ್ದು ಇಲ್ಲ ಹ್ಯಾಗಾದವು ಎಂದು ನನ್ನನ್ನು ಕೇಳಿದರು. ನನಗೇನು ಗೊತ್ತು?

ಮುಂದೆ ಒಂದು ಸೋಮವಾರ ನಾನು ಅರಿವೆ ಒಗೆಯಲು ಅವರ ಜೊತೆ ಹಳ್ಳಕ್ಕೆ ಹೋಗಿದ್ದೆ. ಹಳ್ಳದ ತುಂಬ ಎತ್ತು. ಸುತ್ತಲಿನ ಬಂಡಿಯವರೆಲ್ಲ ಮೊಣಕಾಲು ನೀರಿನಲ್ಲಿ ನಿಂತು ಮೈ ತಿಕ್ಕುತ್ತಿದ್ದರು. ಇವರು ಹುಲ್ಲಿನ ಸಿಂಬೆ ಹಿಡಿದು ಬಿಳಿ ಎತ್ತಿನ ಬೆನ್ನು ತಿಕ್ಕುತ್ತಿದ್ದವರು ಒಮ್ಮೆಲೇ ನಿಂತರು. ಹಳ್ಳವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ಏ, ಅವತ್ತ ಸೋಮಾರ ಇತ್ತಲ್ಲ," ಅಂದರು. "ಎಲ್ಲಾ ಬಂಡಿ ಎತ್ತೂ ಇಲ್ಲೇ ಇದ್ದುವು."

ಮಾತು ಒಬ್ಬರಿಂದ ಒಬ್ಬರಿಗೆ ಹಳ್ಳದುದ್ದಕ್ಕೂ ಹೋಯಿತು. ಆಮೇಲೆ ಒಬ್ಬ ನಕ್ಕ, ಇನ್ನೊಬ್ಬ ನಕ್ಕ, ಇಡೀ ಹಳ್ಳವೇ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಈ ಕಥೆ ಹೇಳಿದಾಗ ಇಂದಿನವರು ಕೇಳುತ್ತಾರೆ, ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ ಎಂದು. ಹೊಳೆಯಲಿಲ್ಲ. ಸೋಮವಾರ ಎತ್ತು ಹೂಡಬಾರದು ಎಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸೋಮವಾರ ದಾರಿ ಖಾಲಿ ಇರುವುದೇ ನಮಗೆ ಸಾಧಾರಣ. ಸಾಹೇಬರಿಗೆ ಗೊತ್ತಿರಲಿಲ್ಲ, ಅದಕ್ಕೇ ಕೇಳಲಿಲ್ಲ. ನಮಗೆ ಅತಿಯಾಗಿ ಗೊತ್ತಿತ್ತು, ಅದಕ್ಕೇ ಹೇಳಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಅತ್ತೆ ನಕ್ಕರು, ಇವರು ಕಚೇರಿಗೆ ಹೋಗುವುದಿಲ್ಲ ಎಂದುಕೊಂಡು. ಇವರು ಮರುದಿನ ಬಂಡಿ ಹೂಡದೆ ರಾಯಚೂರಿಗೆ ನಡೆದೇ ಹೋದರು. ಓವರ್ಸಿಯರ್ ಕೇಳಿ ಹಣೆ ಬಡಿದುಕೊಂಡನಂತೆ. ಅವನ ಮನೆಯಲ್ಲೂ ಎತ್ತು ಇದ್ದವು. ಸಾಹೇಬರು ಮಾತ್ರ ನಗಲಿಲ್ಲವಂತೆ. ಕೂಡಿಸಿಕೊಂಡು ಎಲ್ಲ ಕೇಳಿ, ಇನ್ನೊಮ್ಮೆ ಎಣಿಸಲೇಬೇಕು, ಆದರೆ ಸುಗ್ಗಿ ಮುಗಿಯುತ್ತ ಬಂತು, ಈಗ ಎಣಿಸಿದರೂ ಅರ್ಧ ಬಂಡಿ ಸಿಗುವುದಿಲ್ಲ, ಬರುವ ಸುಗ್ಗಿಯಲ್ಲಿ ಎಣಿಸೋಣ, ಅಲ್ಲಿಯವರೆಗೆ ಸಾವ್ಕಾರನ ಪ್ಲಾಟಿನ ಪರವಾನಗಿಯನ್ನೂ ತಡೆಹಿಡಿಯುತ್ತೇನೆ ಅಂದರಂತೆ. ಇವರು ಅದೇ ಸಂತೋಷದಲ್ಲಿ ಬಂದು ಎಲ್ಲರಿಗೂ ಹೇಳಿದರು.

ಅಂದಿನಿಂದ ಅತ್ತೆ ಮಗನ ಜೊತೆ ಮಾತು ಬಿಟ್ಟರು. ಚಹಾ ಆದರೆ ನನ್ನ ಕಡೆ ಬಟ್ಟಲು ಸರಿಸಿ, ಕೊಡು ಅವನಿಗೆ ಅನ್ನುತ್ತಿದ್ದರು. ಅವನು ಎಂದರೆ ಒಂದು ಮಾರು ದೂರದಲ್ಲಿ ಕೂತಿರುತ್ತಿದ್ದ ಇವರು. ಇವರು ಬಟ್ಟಲು ಇಸಿದುಕೊಂಡು, ಯವ್ವಾ ಚಹಾ ಚಲೋ ಆಗಿದೆ ಎಂದು ಬೇಕೆಂದೇ ಗಟ್ಟಿಯಾಗಿ ಅನ್ನುತ್ತಿದ್ದರು. ಅತ್ತೆ ಒಲೆಯ ಕಡೆ ಮುಖ ಮಾಡುತ್ತಿದ್ದರು. ಯುಗಾದಿಗೆ ಹೋಳಿಗೆ ಮಾಡುವಾಗ ಎಲ್ಲ ಸರಿಹೋಗುತ್ತದೆ ಎಂದು ನಾನು ಸುಮ್ಮನಿದ್ದೆ.

ಯುಗಾದಿಗೆ ಇನ್ನೂ ದಿನ ಇದ್ದವು. ಸುಗ್ಗಿಯ ಕೊನೆಯ ಹತ್ತಿ. ಬಿಸಿಲು ಏರುವ ಮೊದಲೇ ಮಿಲ್ಲು ಮುಟ್ಟಬೇಕೆಂದು ಬಂಡಿಗಳು ಬೆಳಿಗ್ಗೆಯೇ ಬರುತ್ತಿದ್ದವು. ನಾನು ಚಹಾ ಸೋಸುತ್ತಿದ್ದೆ. ಲಾರಿಯ ಬ್ರೇಕಿನ ಶಬ್ದ ದಿನಾ ಕೇಳುವಂಥದ್ದು, ತಲೆ ಎತ್ತಲಿಲ್ಲ. ಆಮೇಲೆ ಎತ್ತು ಕೂಗಿದ್ದು ಕೇಳಿಸಿತು. ಆ ಕೂಗು ನಮ್ಮ ಎತ್ತಿನದು ಎಂದು ಗೊತ್ತಾಯಿತು.

ರಸ್ತೆಯ ತುಂಬ ಹತ್ತಿ ಚೆಲ್ಲಿತ್ತು. ಬಂಡಿ ಮಿಲ್ಲಿನ ಕಡೆ ತಿರುಗುವಾಗ ದೇವದುರ್ಗದ ಕಡೆಯಿಂದ ಬಂದ ಲಾರಿ ಹೊಡೆದಿತ್ತು. ಬಿಳಿ ಎತ್ತು ಬಿದ್ದಿತ್ತು. ಇನ್ನೊಂದು ಮುರಿದ ನೊಗ ಕೊರಳಲ್ಲಿ ಹೊತ್ತುಕೊಂಡು ನಿಂತಿತ್ತು. ಲಾರಿಯ ಡ್ರೈವರ್ ಓಡಿಹೋಗಿರಲಿಲ್ಲ, ಮೀಸೆ ಬರದ ಹುಡುಗ, ರಸ್ತೆಯ ಬದಿಗೆ ಕೂತು ವಾಂತಿ ಮಾಡಿಕೊಳ್ಳುತ್ತಿದ್ದ. ನಮ್ಮ ಮನೆಯವರು ಅಂಡಿಗೆಗಳ ಕೆಳಗೆ ಇದ್ದರು. ಹತ್ತಿಯ ಕೆಳಗೆ ಸಿಕ್ಕವನಿಗೆ ಏನೂ ಆಗಿರುವುದಿಲ್ಲ ಎಂದು ಯಾರೋ ಅಂದರು. ಎಲ್ಲರೂ ಸೇರಿ ಎತ್ತಿದರು. ಮುಖಕ್ಕೆ ಏನೂ ಆಗಿರಲಿಲ್ಲ.

ಅತ್ತೆ ಕೈಯಲ್ಲಿ ಸೌಟು ಹಿಡಿದುಕೊಂಡೇ ಬಂದರು. ಮಗನ ತಲೆಯ ಹತ್ತಿರ ಕೂತರು. ಮೈ ಮೇಲೆ ಅಂಟಿದ್ದ ಹತ್ತಿಯನ್ನು ಒಂದೊಂದಾಗಿ ತೆಗೆದರು.

"ಏಳೋ ತಮ್ಮಾ. ಚಹಾ ಆಗ್ಯದ," ಅಂದರು.

ಅಷ್ಟು ದಿನದ ಮೇಲೆ ಅವರು ಮಗನಿಗೆ ಆಡಿದ ಮಾತು ಅದು.

ಮಣ್ಣು ಮಾಡಿ ಬಂದೆವು. ಎತ್ತನ್ನೂ ಮಣ್ಣು ಮಾಡಿದರು, ಬಂಡಿಯವರೆಲ್ಲ ಕೂಡಿ ಹಳ್ಳದ ದಂಡೆಯಲ್ಲಿ. ನನಗೆ ಅಳು ಬರಲಿಲ್ಲ. ಬರಬೇಕೆಂದು ಬಹಳ ಕಾದೆ. ಎದೆಯ ಮೇಲೆ ಯಾರೋ ಹಸಿ ಮಣ್ಣು ಮೆತ್ತಿ ಹೋದ ಹಾಗಿತ್ತು, ಒಣಗಿ ಗಟ್ಟಿಯಾಯಿತು. ಅತ್ತರೆ ಒಂದು ಮಾತು, ಅಳದಿದ್ದರೆ ಹತ್ತು ಮಾತು. ಕಲ್ಲು ಹೆಂಗಸು ಎಂದು ನನ್ನ ಮುಂದೆಯೇ ಅಂದರು. ಅನ್ನಲಿ ಬಿಡು ಎಂದು ನನಗೆ ಸಿಟ್ಟೂ ಬರಲಿಲ್ಲ. ಸಾವ್ಕಾರ ಬಂದು ಬಾಗಿಲಲ್ಲಿ ನಿಂತು ಹೋದ, ಒಂದು ಚೀಲ ಜೋಳ ಕಳಿಸಿದ. ವಾಪಸು ಕಳಿಸಬೇಕಿತ್ತು ಎಂದರು ಕೆಲವರು. ನಾವು ಬೀಸಿ ರೊಟ್ಟಿ ಮಾಡಿಕೊಂಡು ತಿಂದೆವು. ಹೊಟ್ಟೆ ಯಾರ ಜೋಳ ಎಂದು ಕೇಳುವುದಿಲ್ಲ.

ಉಳಿದ ಎತ್ತನ್ನು ಅರಕೇರಾದವರೊಬ್ಬರು ಹೊಡೆದುಕೊಂಡು ಹೋದರು. ಹೋಗುವಾಗ ಅದು ತಿರುಗಿ ನೋಡಲಿಲ್ಲ. ನಾನೂ ಒಳಗೇ ಇದ್ದೆ. ಮಲ್ಲಟದಿಂದ ಅಪ್ಪ ಬಂದು ಮನೆಗೆ ನಡಿ ಅಂದ. ಯಾಕೆ ಹೋಗಲಿಲ್ಲ ಎಂದು ಈಗಲೂ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಅತ್ತೆ ಇರು ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಬೆಳಗಾದರೆ ಒಲೆ ಹೊತ್ತಿಸುತ್ತಿದ್ದರು, ನಾನು ಚಹಾ ಸೋಸುತ್ತಿದ್ದೆ. ಹಾಲು ಉಕ್ಕಿ ಒಲೆ ಆರಿದರೂ ಬೈಯುತ್ತಿರಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಆ ವರ್ಷ ಮಳೆ ಬಂತೋ, ಬೆಳೆ ಬಂತೋ, ಶಕ್ತಿನಗರದ ಚಿಮಣಿ ಎಷ್ಟು ಎತ್ತರ ಎದ್ದಿತೋ ನನಗೆ ನೆನಪಿಲ್ಲ. ಸೋಮವಾರ ಬಂದರೆ ಬೇವಿನ ಕೆಳಗೆ ಯಾರೂ ಕೂರುತ್ತಿರಲಿಲ್ಲ, ಅದೊಂದು ನೆನಪಿದೆ.

ಸಾಹೇಬರು ಮಾತು ಉಳಿಸಿಕೊಂಡರು. ಮುಂದಿನ ಸುಗ್ಗಿ ಶುರುವಾಗಿ ಹತ್ತಿ ಭರಾಟೆಯಲ್ಲಿ ಬರುತ್ತಿದ್ದಾಗ ಒಂದು ಬುಧವಾರ ಚಾಚಾ ಬಂದರು. ಹೋಟ್ಲಿನ ಮುಂದೆ ಬಹಳ ಹೊತ್ತು ನಿಂತರು, ಒಳಗೆ ಬರಲಿಲ್ಲ. ಡಬ್ಬಿ ಕೇಳಲು ಅವರಿಗೆ ಬಾಯಿ ಬರಲಿಲ್ಲವೆಂದು ಕಾಣುತ್ತದೆ. ಅತ್ತೆ ತಾವೇ ಡಬ್ಬಿಗಳನ್ನು ತೊಳೆದು, ಸೆರಗಿನಿಂದ ಒರೆಸಿ, ತಂದು ಅವರ ಮುಂದೆ ಸಾಲಾಗಿ ಇಟ್ಟರು.

ಅಂದು ಬಂಡಿಗಳು ಬಂದವು. ಒಂದರ ಹಿಂದೆ ಒಂದು, ಮುಂದಿನ ಬಂಡಿಗೆ ಹಿಂದಿನ ಎತ್ತಿನ ಮುಖ ತಾಗುವ ಹಾಗೆ ಬಂದವು. ಬಂಡಿಯ ಡಬ್ಬಿ ಮೊದಮೊದಲು ಠಣ್ ಠಣ್ ಅನ್ನುತ್ತಿತ್ತು. ಆಮೇಲೆ ಕಲ್ಲಿನ ಮೇಲೆ ಕಲ್ಲು ಬಿದ್ದ ಸಪ್ಪೆ ಶಬ್ದ, ಆಮೇಲೆ ಅದೂ ಇಲ್ಲ. ಹಳ್ಳದಲ್ಲಿ ನಕ್ಕವರೆಲ್ಲ ಹಾಯ್ದು ಹೋದರು. ನಮ್ಮ ಹೋಟ್ಲಿನ ಮುಂದೆ ಬಂದಾಗ ಒಬ್ಬರೂ ಬಾರುಕೋಲು ಎತ್ತಲಿಲ್ಲ, ಬಂಡಿಯನ್ನು ಮೆಲ್ಲಗೆ ನಡೆಸಿದರು. ಡಬ್ಬಿ ತುಂಬುತ್ತಿರುವುದು ನನಗೂ ಕಾಣುತ್ತಿತ್ತು, ಅತ್ತೆಗೂ ಕಾಣುತ್ತಿತ್ತು. ಅದು ತುಂಬಿದರೆ ನಮ್ಮ ಹೋಟ್ಲು ಹೋಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಅತ್ತೆಯ ಮುಖ ನೋಡಿದೆ. ಅವರು ಮಿರ್ಚಿ ಕರಿಯುತ್ತಲೇ ಇದ್ದರು.

ಹೊತ್ತು ಇಳಿಯಿತು. ದಾರಿ ಖಾಲಿಯಾಯಿತು. ಓವರ್ಸಿಯರ್ ಇನ್ನೂ ಬಂದಿರಲಿಲ್ಲ. ಅತ್ತೆ ಮಿರ್ಚಿಯ ಬಾಣಲೆ ಇಳಿಸಿ, ಕೈ ಒರೆಸಿಕೊಂಡು ಹೊರಗೆ ಬಂದರು. ಕಂಕರಿಯ ಗುಡ್ಡೆಯಿಂದ ಒಂದು ಕಲ್ಲು ಆರಿಸಿ ಬಂಡಿಯ ಡಬ್ಬಿಯಲ್ಲಿ, ಎಲ್ಲಕ್ಕಿಂತ ಮೇಲೆ, ಇಟ್ಟರು.

ಚಾಚಾ ರಸ್ತೆಯ ಕಡೆ ನೋಡಿದರು. ರಸ್ತೆಯ ಮೇಲೆ ಬಂಡಿ ಇರಲಿಲ್ಲ.

"ನಮ್ಮದು," ಅಂದರು ಅತ್ತೆ. "ಹ್ವಾದ ವರ್ಷ ಮನ್ಯಾಗ ಕಟ್ಟಿತ್ತು. ಎಣಿಸಿಲ್ಲ ನೀವು."

"ದಾರಿ ಮ್ಯಾಲೆ ಬಂದದ್ದಷ್ಟ ಹಾಕಬೇಕವಾ," ಅಂದರು ಚಾಚಾ, ಬಹಳ ಸಣ್ಣ ದನಿಯಲ್ಲಿ.

"ದಾರಿ ಬೇಕು ಅಂದಾವ ಅವ. ಅವನ್ನ ಬಿಟ್ಟು ಹ್ಯಾಂಗ ಎಣಸ್ತೀರಿ ಚಾಚಾ?"

ಚಾಚಾ ಡಬ್ಬಿಯ ಕಡೆ ಕೈ ನೀಡಿದರು. ಕಲ್ಲು ತೆಗೆಯುತ್ತಾರೆ ಎಂದುಕೊಂಡೆ. ಅವರು ಡಬ್ಬಿಯ ಮುಚ್ಚಳ ಹಾಕಿ ಒತ್ತಿದರು. ಓವರ್ಸಿಯರ್ ಬಂದು ನೆಲಕ್ಕೆ ಟವೆಲು ಹಾಸಿ ಕಲ್ಲು ಸುರುವಿ ಎಣಿಸುವಾಗ ನಾನು ಬಗ್ಗಿ ನೋಡಿದೆ. ಎಲ್ಲ ಕಲ್ಲೂ ಒಂದೇ ಥರ ಇದ್ದವು. ಅದರಲ್ಲಿ ನಮ್ಮದು ಯಾವುದು ಎಂದು ಗೊತ್ತಾಗಲಿಲ್ಲ.

ಸಾವ್ಕಾರ ಪಟ್ಟಿ ಕಟ್ಟಿದ, ಆ ಕಲ್ಲಿನದೂ ಸೇರಿಸಿ. ಕೆಲಸ ಶುರುವಾದ ದಿನ ಗ್ಯಾಂಗಿನವರು ಹಾರೆ ಹಿಡಿದು ಬಂದಾಗ ಅತ್ತೆ ಒಲೆಯನ್ನು ಮುಟ್ಟಗೊಡಲಿಲ್ಲ. ತಾವೇ ಒಡೆದರು. ಮಣ್ಣನ್ನು ಬುಟ್ಟಿಯಲ್ಲಿ ತುಂಬಿ ಬೇವಿನ ಬುಡಕ್ಕೆ ಹಾಕಿದರು. ನಾವು ಮಿಲ್ಲಿನ ಹಿಂದೆ ಒಂದು ಗುಡಿಸಲು ಹಾಕಿಕೊಂಡೆವು, ಅಲ್ಲಿ ವ್ಯಾಪಾರ ಆಗಲಿಲ್ಲ. ಮುಂದೆ ನನಗೆ ಮಾನ್ವಿ ಕಡೆ ಅಂಗನವಾಡಿಯಲ್ಲಿ ಕೆಲಸ ಸಿಕ್ಕಿತು, ಅತ್ತೆಯನ್ನು ಕರೆದುಕೊಂಡು ಹೋದೆ, ಕೊನೆಯವರೆಗೂ ನನ್ನ ಜೊತೆಗೇ ಇದ್ದರು. ಏಳನೆಯ ತರಗತಿ ಓದಿದ ಸೊಸೆ ಎಂದು ಅಲ್ಲಿಯೂ ಹೇಳುತ್ತಿದ್ದರು.

ಅದೆಲ್ಲಕ್ಕೂ ಮೊದಲು, ಬಂಡಿ ದಾರಿ ಮುಗಿದು ಬಿಟ್ಟುಕೊಟ್ಟ ಬೆಳಿಗ್ಗೆ ನಾವಿಬ್ಬರೂ ಬೇವಿನ ಕೆಳಗೆ ನಿಂತಿದ್ದೆವು. ಚಾಚಾ ಬೇವಿನ ಬುಡದಲ್ಲಿ ಇಟ್ಟುಹೋಗಿದ್ದ ಡಬ್ಬಿಗಳನ್ನು ಒಯ್ಯಲು ಬಂದಿದ್ದೆವು. ಮೊರಮ್ಮಿನ ಗರಸು ಮಣ್ಣು ಹಾಕಿ ಸಮ ಮಾಡಿದ ಹೊಸ ದಾರಿ, ಒಲೆ ಇದ್ದ ಜಾಗ ಯಾವುದೆಂದು ನನಗೆ ಕಾಣಲಿಲ್ಲ, ಅತ್ತೆಗೆ ಕಾಣುತ್ತಿತ್ತು. ಕಲ್ಲೂರು ಕಡೆಯ ಬಂಡಿಯೊಂದು ಹತ್ತಿ ಹೇರಿಕೊಂಡು ಬಂತು. ಹೊಡೆಯುವವನು ನಮಗೆ ಗುರುತಿನವನಲ್ಲ, ಕಾಲು ಇಳಿಬಿಟ್ಟು ಕೂತು ಏನೋ ಗುನುಗುತ್ತಿದ್ದ. ಡಾಂಬರು ಬಿಟ್ಟು ಹೊಸ ದಾರಿಗೆ ಇಳಿದ. ಲಾರಿಯೊಂದು ಅದರ ಪಾಡಿಗೆ ಅದು ಮೇಲೆ ಹೋಯಿತು. ಗಾಲಿ ಒಲೆಯ ಜಾಗದ ಮೇಲೆ ಹಾಯ್ದು ಮಿಲ್ಲಿನ ಕಡೆ ತಿರುಗುವವರೆಗೂ ಅತ್ತೆ ಕಣ್ಣು ತೆಗೆಯಲಿಲ್ಲ.

"ಎಷ್ಟ ಹಗುರ ಹೋತು ನೋಡವಾ," ಅಂದರು.

ಆಮೇಲೆ ಬಂಡಿಯ ಡಬ್ಬಿಯನ್ನು ತಾವು ಎತ್ತಿಕೊಂಡರು, ಉಳಿದ ಎರಡನ್ನು ನಾನು ಎತ್ತಿಕೊಂಡೆ, ಗುಡಿಸಲಿನ ಕಡೆ ನಡೆದೆವು.